ಅಲುಗದ ಕೈಗೆ ಒಲಿಯದ ಕಪ್ಪೆ

ನಮ್ಮ ಮನೆಯಲ್ಲಿ ಅಲುಗಾಡದೆ ಕೂರಬಲ್ಲ ಪ್ರಾಣಿ ನಾನೊಬ್ಬನೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಸಂಕಟಕ್ಕೆ ಹೇಳುತ್ತಿದ್ದೇನೆ. ನನ್ನ ಹೆಂಡತಿ ಬಸ್ ಕಂಡಕ್ಟರ್. ಹದಿನೈದು ವರ್ಷದಿಂದ ಓಡುವ ಬಸ್ಸಿನಲ್ಲಿ ನಿಂತೂ ನಿಂತೂ ಅವಳಿಗೆ ಗಟ್ಟಿ ನೆಲದ ಮೇಲಿನ ನಂಬಿಕೆಯೇ ಹೊರಟುಹೋಗಿದೆ. ಒಲೆಯ ಮುಂದೆ ನಿಂತಾಗಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲುತ್ತಾಳೆ. ಚಹಾ ಕೊಡುವಾಗ ಕೈ ತನ್ನಷ್ಟಕ್ಕೆ ಸಣ್ಣಗೆ ಕುಲುಕುತ್ತದೆ (ಅರ್ಧ ಚಹಾ ತಟ್ಟೆಗೆ, ಉಳಿದರ್ಧ ನನಗೆ). ಹನ್ನೊಂದು ವರ್ಷದ ಮಗಳು ಶಾಲೆಯ ಸ್ಕಿಪ್ಪಿಂಗ್ ತಂಡದಲ್ಲಿದ್ದಾಳೆ. ಅಭ್ಯಾಸಕ್ಕೆ ನಡುಮನೆಯೇ ಮೈದಾನ. ಅವಳು ಜಿಗಿಯಲು ಶುರುಮಾಡಿದರೆ ಕಪಾಟಿನ ಲೋಟಗಳೆಲ್ಲ ಚಪ್ಪಾಳೆ ತಟ್ಟುತ್ತವೆ. ಇವರಿಬ್ಬರ ನಡುವೆ ನಾನು ಸಂತೆಯಲ್ಲಿ ಧ್ಯಾನಕ್ಕೆ ಕೂತವನಂತೆ ಬದುಕಿದ್ದೇನೆ.

ನಾನು ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮೂವತ್ತು ವರ್ಷದಿಂದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಎತ್ತಿ ಇಟ್ಟು ಅನ್ನ ಸಂಪಾದಿಸಿದ್ದೇನೆ. ಈ ಕೈಗೆ ಊರಿನಲ್ಲಿ ಹೆಸರಿದೆ. 'ಕಲ್ಲು ಕೈ' ಅನ್ನುತ್ತಾರೆ. ಒಮ್ಮೆ ಕೂದಲೆಳೆಯಂಥ ಸ್ಪ್ರಿಂಗೊಂದನ್ನು ಕೂರಿಸುತ್ತಿದ್ದಾಗ ಸೊಳ್ಳೆಯೊಂದು ನನ್ನ ಮೂಗಿನ ತುದಿಯ ಮೇಲೆ ಕೂತು, ಹೊಟ್ಟೆ ತುಂಬ ಉಂಡು, ಸ್ವಲ್ಪ ವಿಶ್ರಮಿಸಿ, ಎರಡನೇ ಸಲ ಬಡಿಸಿಕೊಂಡು ಎದ್ದುಹೋಯಿತು. ಕೈ ಕದಲಲಿಲ್ಲ. ಎದುರಿಗೆ ಕೂತಿದ್ದ ಗಿರಾಕಿ ಇದನ್ನು ಊರಿಗೆಲ್ಲ ಸಾರಿದ. ಹೆಂಡತಿಗೆ ಮಾತ್ರ ಈ ಕೈಯ ಮೇಲೆ ಹಳೆಯ ಮುನಿಸು. ಮಗಳು ಹುಟ್ಟಿದ ದಿನ ನರ್ಸು ಕೂಸನ್ನು ತಂದು ಇಟ್ಟಾಗಲೂ ಈ ಕೈ ನಡುಗಲಿಲ್ಲವಂತೆ. ಎಲ್ಲ ಗಂಡಂದಿರ ಕೈಯೂ ನಡುಗುತ್ತದೆಂದು ನರ್ಸೇ ಹೇಳಿದ್ದಳಂತೆ. ವರ್ಷಕ್ಕೊಮ್ಮೆಯಾದರೂ ಈ ಆರೋಪಪಟ್ಟಿ ನನ್ನ ಮುಂದೆ ಓದಲ್ಪಡುತ್ತದೆ.

ಇಂಥ ನನಗೆ ಅಂಗಡಿಯಲ್ಲಿ ಜೊತೆಗೊಂದು ಜೀವ ಬೇಕೆನಿಸಿತು. ಹೆಂಡತಿ ಡ್ಯೂಟಿಗೆ, ಮಗಳು ಶಾಲೆಗೆ ಹೊರಟರೆ ಟಿಕ್ ಟಿಕ್ ಬಿಟ್ಟು ಇನ್ನೊಂದು ಸದ್ದಿಲ್ಲ. ನಾಯಿ ಸಾಕೋಣವೆಂದರೆ, ಅದು ಪ್ರೀತಿಯಿಂದ ಒಂದು ಸಲ ಬಾಲ ಅಲ್ಲಾಡಿಸಿದರೂ ನನ್ನ ವಾರದ ಕೆಲಸ ನೆಲದ ಪಾಲು. ಬೆಕ್ಕಿಗೆ ಮೇಜು ಕಂಡರೆ ಹತ್ತುವ ಚಟ. ಹಕ್ಕಿ ರೆಕ್ಕೆ ಬಡಿದರೆ ಗಡಿಯಾರದ ಮುಳ್ಳುಗಳೆಲ್ಲ ಹಾರಿಹೋಗುತ್ತವೆ. ಹೀಗೆ ಪ್ರಾಣಿಸಂಕುಲವನ್ನು ಒಂದೊಂದಾಗಿ ಅನರ್ಹಗೊಳಿಸುತ್ತಿದ್ದಾಗ ಸಾಕುಪ್ರಾಣಿ ಅಂಗಡಿಯವನು ನಿಂತುಹೋದ ಗೋಡೆ ಗಡಿಯಾರವೊಂದನ್ನು ಹೊತ್ತು ಬಂದ. ನನ್ನ ಕಷ್ಟ ಕೇಳಿದ.

"ಕಪ್ಪೆ ಸಾಕಿ. ಹೊಸಬರಿಗೆ ಅದೇ ಸರಿ. ಬೊಗಳಲ್ಲ, ಕೂದಲು ಉದುರಿಸಲ್ಲ, ಕೂತ್ರೆ ಕೂತಲ್ಲೇ" ಎಂದ.

ಕೂತರೆ ಕೂತಲ್ಲೇ ಇರುವ ಜೀವ. ನನಗೆ ಬಂಧುವೊಬ್ಬನ ವಿಳಾಸ ಸಿಕ್ಕಂತಾಯಿತು. ಮನೆಯಲ್ಲಿ ವಿಷಯ ಎತ್ತಿದಾಗ ಮಗಳು ಕುಣಿದಳು (ಅದೇನೂ ವಿಶೇಷವಲ್ಲ). ಹೆಂಡತಿ ಮೂರು ಷರತ್ತು ಹಾಕಿದಳು. ಕಪ್ಪೆ ಅಂಗಡಿ ಕೋಣೆ ದಾಟಕೂಡದು. ಅದರ ಊಟದ ಹೆಸರಿನಲ್ಲಿ ಜೀವ ಇರುವ ಹುಳ ಒಂದೂ ಮನೆಗೆ ಬರಕೂಡದು. ಏನಾದರೂ ಎಡವಟ್ಟಾದರೆ ಬಂದ ದಾರಿಯಲ್ಲೇ ವಾಪಸ್. ನಾನು ಮೂರಕ್ಕೂ ತಲೆಯಾಡಿಸಿದೆ. ಅಂಗಡಿಯವನು ಕಪ್ಪೆಯ ಜೊತೆಗೆ ಒಣಗಿಸಿದ ಮಿಡತೆಗಳ ಒಂದು ಡಬ್ಬಿಯನ್ನೂ ಹೊಸಬರಿಗಾಗಿ ಅಚ್ಚಾದ ಹದಿನಾರು ಪುಟದ ಒಂದು ಕಿರುಪುಸ್ತಕವನ್ನೂ ಕೊಟ್ಟ. ಅದನ್ನು ನಾನು ಪರೀಕ್ಷೆಗೆ ಓದುವವನಂತೆ ಓದಿದೆ. ನನ್ನ ಮನಸ್ಸಿನಲ್ಲಿ ಕೂತದ್ದು ಎರಡು ವಾಕ್ಯ. ಒಂದು: 'ಕಪ್ಪೆ ಗಾಬರಿಯ ಪ್ರಾಣಿ, ಅದರ ಮುಂದೆ ಹಠಾತ್ತಾಗಿ ಅಲುಗಾಡಬೇಡಿ.' ಇನ್ನೊಂದು: 'ಒಣ ಆಹಾರವನ್ನು ನೆನೆಸಿ, ಚಿಮಟದಲ್ಲಿ ಹಿಡಿದು ಬಾಯಿಯ ಮುಂದೆ ತೋರಿಸಿ.' ಈ ಎರಡು ಕೆಲಸಕ್ಕಾಗಿಯೇ ಮೂವತ್ತು ವರ್ಷ ತಯಾರಾಗಿದ್ದೇನೆ ಅನ್ನಿಸಿತು.

ಒಂದು ಸೋಮವಾರ ಬೆಳಿಗ್ಗೆ ಮಂಡೂಕ ಮಹಾಶಯರ ಆಗಮನವಾಯಿತು. ಮುಷ್ಟಿಯಷ್ಟು ಗಾತ್ರ, ಎಲೆಹಸಿರು ಬೆನ್ನು, ಕೆನೆಬಣ್ಣದ ಹೊಟ್ಟೆ. ನಾನು ಗಾಜಿನ ಪೆಟ್ಟಿಗೆಯಲ್ಲಿ ಪಾಚಿ ಹಾಸಿ, ನೀರಿನ ತಟ್ಟೆ ಇಟ್ಟು, ತೊಗಟೆಯ ಗುಹೆ ಕಟ್ಟಿ, ಶಾಖ ಅಳೆಯಲು ಒಂದು ಮುಳ್ಳು, ತೇವ ಅಳೆಯಲು ಒಂದು ಮುಳ್ಳು ಕೂರಿಸಿದ್ದೆ. ಅದು ಎಲ್ಲವನ್ನೂ ಒಂದು ಕಣ್ಣಿನಲ್ಲಿ ಪರಿಶೀಲಿಸಿ ಮೂಲೆಗೆ ಹೋಗಿ ಕೂತಿತು. ಕೂತದ್ದು ಕೂತೇ ಇತ್ತು. ಒಂಬತ್ತರಿಂದ ಹನ್ನೆರಡರವರೆಗೆ ನಾವಿಬ್ಬರೂ ಎದುರುಬದುರು. ನಾನೊಂದು ಕೈಗಡಿಯಾರ ಬಿಚ್ಚಿ ಜೋಡಿಸಿದೆ, ಅದು ಏನೂ ಮಾಡಲಿಲ್ಲ. ಅಷ್ಟು ಸುಖದ ಬೆಳಗನ್ನು ನಾನು ಮದುವೆಗೆ ಮೊದಲೂ ಕಂಡಿರಲಿಲ್ಲ. ಸಂಜೆ ಹೆಂಡತಿ ಬಂದು ಬಾಗಿಲಲ್ಲೇ ನಿಂತು ದೂರದಿಂದ ನೋಡಿದಳು. ಟಿಕೆಟ್ ಇಲ್ಲ, ಕೆಲಸ ಇಲ್ಲ, ಸೀಟು ಮಾತ್ರ ಕಿಟಕಿ ಪಕ್ಕದ್ದು, ಇದು ಪಾಸಿನ ಗಿರಾಕಿ ಎಂದು ತೀರ್ಪು ಕೊಟ್ಟಳು. ಅಂದಿನಿಂದ ಕಪ್ಪೆಗೆ 'ಪಾಸಿನವರು' ಎಂದೇ ಹೆಸರಾಯಿತು.

ಪಾಸಿನವರನ್ನು ನಾನು ಭೂತಗನ್ನಡಿಯಲ್ಲಿ ನೋಡಿದೆ. ನೋಡಿದ ಮೇಲೆ ಅರ್ಧ ಗಂಟೆ ಬೇರೆ ಕೆಲಸ ಮಾಡಲಾಗಲಿಲ್ಲ. ಆ ಕಣ್ಣಿನೊಳಗೆ ಯಾರೋ ಚಿನ್ನದ ಪುಡಿ ಅರೆದು ಎರಚಿದ್ದಾರೆ. ಬೆರಳ ತುದಿಗಳಲ್ಲಿ ಪುಟ್ಟ ಪುಟ್ಟ ದಿಂಬು. ಗಂಟಲು ನಿಮಿಷಕ್ಕೆ ನೂರಿಪ್ಪತ್ತು ಸಲ ಮಿಡಿಯುತ್ತಿತ್ತು. ಮತ್ತೆ ಎಣಿಸಿದೆ, ನೂರಿಪ್ಪತ್ತೇ. ಕೀಲಿ ಕೊಡುವವರಿಲ್ಲ, ಬ್ಯಾಟರಿ ಇಲ್ಲ, ಎಣ್ಣೆ ಬಿಡುವವರಿಲ್ಲ. ಇಷ್ಟು ವರ್ಷ ಯಂತ್ರವೆಂದು ನಾನು ತಲೆಬಾಗಿದ್ದೆಲ್ಲ ಬರೀ ತಗಡು ಅನ್ನಿಸಿತು. ನೀರು ಕುಡಿಯಲು ಅದಕ್ಕೆ ಬಾಯಿಯೂ ಬೇಡವಂತೆ. ತಟ್ಟೆಯಲ್ಲಿ ಕೂತರೆ ಸಾಕು, ಹೊಟ್ಟೆಯ ಚರ್ಮವೇ ಹೀರಿಕೊಳ್ಳುತ್ತದಂತೆ. ಈ ಮಹಾಸತ್ಯವನ್ನು ಹೆಂಡತಿಗೆ ತಿಳಿಸಿದೆ.

"ಹಾಗಿದ್ರೆ ನೀವೂ ಚಹಾದಲ್ಲಿ ಕೂತ್ಕೊಳ್ಳಿ, ಲೋಟ ತೊಳೆಯೋದು ತಪ್ಪುತ್ತೆ" ಎಂದಳು.

ಬೆರಗಾಗುವುದಕ್ಕೂ ಯೋಗ ಬೇಕು.

ತೊಂದರೆ ಶುರುವಾದದ್ದು ಊಟದ ಹೊತ್ತಿಗೆ. ಮಿಡತೆಯೊಂದನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ನನ್ನ ಅತ್ಯುತ್ತಮ ಚಿಮಟದಲ್ಲಿ ಹಿಡಿದು, ಪಾಸಿನವರ ಬಾಯಿಯಿಂದ ಸರಿಯಾಗಿ ಒಂದಂಗುಲ ದೂರದಲ್ಲಿ ನಿಲ್ಲಿಸಿದೆ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಮಿಡತೆ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ಪಾಸಿನವರು ಅದರಾಚೆಗಿನ ಗೋಡೆಯನ್ನು ನೋಡುತ್ತಿದ್ದರು. ನಲವತ್ತು ನಿಮಿಷದ ಮೇಲೆ ನಾನೇ ಸೋತೆ. ಮಂಗಳವಾರವೂ ಅದೇ ಕತೆ, ಕೋಣನ ಮುಂದೆ ಕಿನ್ನರಿ. ನನ್ನಲ್ಲೇ ಏನೋ ಅಲುಗಾಟವಿದೆ, ಅದಕ್ಕೇ ಹೆದರುತ್ತಿದೆ ಎಂದು ಲೆಕ್ಕ ಹಾಕಿದೆ. ಬುಧವಾರ ಮೊಣಕೈಯನ್ನು ಟವೆಲಿನಿಂದ ಮೇಜಿಗೆ ಕಟ್ಟಿಕೊಂಡೆ. ಉಸಿರನ್ನು ಮೂಗಿನ ಒಂದೇ ಹೊಳ್ಳೆಯಿಂದ ಬಿಟ್ಟೆ. ರೆಪ್ಪೆ ಬಡಿಯುವುದನ್ನೂ ನಿಲ್ಲಿಸಿದೆ. ಆ ದಿನ ನಾನು ತಲುಪಿದ ನಿಶ್ಚಲತೆಯನ್ನು ತಪಸ್ವಿಗಳು ನೋಡಿದ್ದರೆ ಎದ್ದು ಮನೆಗೆ ಹೋಗುತ್ತಿದ್ದರು. ಪಾಸಿನವರು ಮಾತ್ರ ಬಾಯಿ ತೆರೆಯಲಿಲ್ಲ.

ಗುರುವಾರ ಬೆಳಿಗ್ಗೆ ಕಂಡದ್ದನ್ನು ಹೇಗೆ ಹೇಳಲಿ. ಪಾಸಿನವರು ಬೆನ್ನು ಕಮಾನು ಮಾಡಿ ಮೈ ಹಿಂಡಿಕೊಳ್ಳುತ್ತಿದ್ದರು. ನೋಡುತ್ತಿದ್ದಂತೆಯೇ ತೆಳುವಾದ ಒಂದು ಪೊರೆ ಬೆನ್ನಿನಿಂದ ಸಡಿಲವಾಯಿತು. ಅವರು ಎರಡು ಕೈಯಲ್ಲೂ ಅದನ್ನು ಬನಿಯನ್ ಕಳಚುವವರಂತೆ ತಲೆಯ ಮೇಲಿನಿಂದ ಎಳೆದು, ಎಳೆದದ್ದನ್ನು ನೇರವಾಗಿ ಬಾಯಿಗೆ ತುರುಕಿ ನುಂಗಿದರು. ಒಳಗಿನಿಂದ ಹೊಚ್ಚ ಹೊಸ ಕಪ್ಪೆಯೊಂದು, ಈಗತಾನೇ ಬಣ್ಣ ಬಳಿದಂತೆ ಹೊಳೆಯುತ್ತ ಹೊರಬಂತು. ನನ್ನ ರೋಮವೆಲ್ಲ ನಿಂತಿತು. ಆದರೆ ಬೆರಗಿನ ಹಿಂದೆಯೇ ದಿಗಿಲು ಬಂತು. ನಾಲ್ಕು ದಿನದ ಉಪವಾಸ ತಾಳಲಾರದೆ ಪಾಪದ ಜೀವ ತನ್ನನ್ನೇ ತಿನ್ನಲು ಶುರುಮಾಡಿದೆ ಎಂದೇ ನನಗೆ ಅರ್ಥವಾದದ್ದು.

ಪೆಟ್ಟಿಗೆಯನ್ನು ಎದೆಗವಚಿಕೊಂಡು ಪಶುವೈದ್ಯರಲ್ಲಿಗೆ ಓಡಿದೆ. ಅಲ್ಲಿ ಒಂದು ಎಮ್ಮೆಯೂ ಎರಡು ಕುದುರೆಗಳೂ ನಮಗಿಂತ ಮುಂಚೆ ಬಂದಿದ್ದವು. ವೈದ್ಯರು ಭುಜದವರೆಗೆ ರಬ್ಬರಿನ ಕೈಗವಸು ಹಾಕಿಕೊಂಡಿದ್ದರು. ಅವರ ರೋಗಿಗಳೆಲ್ಲ ಕನಿಷ್ಠ ನೂರು ಕಿಲೋ ತೂಗುವವರಂತೆ. ಆದರೂ ಬಗ್ಗಿ ನೋಡಿ, ಕಪ್ಪೆಗಳು ಪೊರೆ ಬಿಟ್ಟು ತಿನ್ನುವುದು ಮಾಮೂಲು, ಅದು ಹಸಿವಿನ ಲಕ್ಷಣವಲ್ಲ ಎಂದರು. ಆಮೇಲೆ ದನಿ ಇಳಿಸಿ, ಆದರೆ ಊಟವನ್ನೇ ಮಾಡದೆ ಹೋದರೆ ಎಷ್ಟು ದಿನ ತಡೆಯುತ್ತದೋ ಹೇಳಲಾರೆ, ಬೇಗ ಏನಾದರೂ ಮಾಡಿ ಎಂದೂ ಸೇರಿಸಿದರು. ಮನೆಗೆ ಬಂದು ಹೇಳಿದೆ. ಹೆಂಡತಿ ಗಾಜಿನ ಅರಮನೆಯನ್ನೂ ಅದರ ಮುಳ್ಳುಗಳನ್ನೂ ನೋಡಿದಳು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದಳು. ಭಾನುವಾರದ ತನಕ ಗಡುವು ಕೊಟ್ಟಳು. ಅಷ್ಟರಲ್ಲಿ ತಿನ್ನದಿದ್ದರೆ ತಿಳಿದವರ ಕೈಗೆ ವಾಪಸ್, ಒಂದು ಜೀವ ನಮ್ಮ ಮನೆಯಲ್ಲಿ ಹಸಿದು ಸಾಯಕೂಡದು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಂಕಟವಾಯಿತು. ನಾಲ್ಕು ದಿನದಲ್ಲಿ ಆ ಹಸಿರು ಮುಖ ಇಲ್ಲದ ಮೇಜನ್ನು ನೆನೆಸಿಕೊಳ್ಳಲಾರದ ಹಾಗೆ ಆಗಿಬಿಟ್ಟಿದ್ದೆ.

ಭಾನುವಾರ ಊಟವಾದ ಮೇಲೆ ನಾನು ಕೊನೆಯ ಪ್ರಯತ್ನಕ್ಕೆ ಕೂತೆ. ಎರಡು ಗಂಟೆಯಿಂದ ನಾಲ್ಕರವರೆಗೆ ಮಿಡತೆ ಹಿಡಿದು ಕಲ್ಲಾದೆ. ನಾಲ್ಕಕ್ಕೆ ಹೆಂಡತಿ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಒಳಗೆ ಬಂದಳು, ಪೆಟ್ಟಿಗೆಯನ್ನು ಸಾಕುಪ್ರಾಣಿ ಅಂಗಡಿಗೆ ವಾಪಸ್ ಸಾಗಿಸಲು. ನನ್ನ ಮುಖ ನೋಡಿ ಏನನ್ನಿಸಿತೋ, ಒಂದು ಸಲ ತಾನೂ ನೋಡುತ್ತೇನೆ ಕೊಡಿ ಎಂದು ಚಿಮಟ ಕಿತ್ತುಕೊಂಡಳು. ಅವಳಿಗೆ ಕಪ್ಪೆಯೆಂದರೆ ಭಯ. ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ, ಕೈ ಮಾತ್ರ ಪೆಟ್ಟಿಗೆಯೊಳಗೆ ಇಳಿಬಿಟ್ಟಳು. ಭಯದ ನಡುಕವೊಂದು, ಅದರ ಮೇಲೆ ಹದಿನೈದು ವರ್ಷದ ಬಸ್ಸಿನ ಕುಲುಕಾಟ. ಮಿಡತೆ ಚಿಮಟದ ತುದಿಯಲ್ಲಿ ಸತ್ತಮೇಲೂ ಕುಣಿಯಿತು.

ಪಾಸಿನವರು ತಿರುಗಿದರು. ಆರು ದಿನದಲ್ಲಿ ಮೊದಲ ಸಲ ಅವರು ಯಾವುದನ್ನೋ ನೋಡುತ್ತಿದ್ದರು. ಆಮೇಲೆ ನಡೆದದ್ದು ನನ್ನ ಕಣ್ಣಿಗೂ ಪೂರ್ತಿ ಸಿಗಲಿಲ್ಲ, ಸೆಕೆಂಡಿನ ಐದನೇ ಒಂದು ಭಾಗವನ್ನು ಎಣಿಸಬಲ್ಲ ಕಣ್ಣಿದು. ಏನೋ ಗುಲಾಬಿ ಬಣ್ಣದ್ದು ಹೊರಬಂದು ಒಳಹೋಯಿತು. ಚಿಮಟ ಖಾಲಿ. ಇನ್ನೂ ದೊಡ್ಡ ಬೆರಗು ಅದರ ಹಿಂದೆ ಬಂತು. ನುಂಗುವಾಗ ಆ ಚಿನ್ನದ ಕಣ್ಣುಗಳೆರಡೂ ಮುಚ್ಚಿ ತಲೆಯೊಳಗೇ ಮುಳುಗಿಹೋದವು. ಕಣ್ಣಿನಿಂದಲೇ ತುತ್ತನ್ನು ಗಂಟಲಿಗೆ ತಳ್ಳುತ್ತಿದ್ದರು ಪಾಸಿನವರು. ಮುಳುಗಿದವು, ಎದ್ದವು, ಮತ್ತೆ ಮುಳುಗಿದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಹಗ್ಗ ಕೆಳಗೆ ಬಿಟ್ಟಳು. ಹೆಂಡತಿ ಕಣ್ಣು ತೆರೆದು ನೋಡಿದವಳು ಖಾಲಿ ಚಿಮಟವನ್ನು ಹಾಗೇ ಹಿಡಿದು ನಿಂತಳು. ಅರವತ್ತೇಳು ಸೆಕೆಂಡು ನಿಂತಿದ್ದಳು, ನಾನು ಗಡಿಯಾರ ನೋಡಿದ್ದೇನೆ.

ಫೋನು ಮಾಡಿ ಕೇಳಿದಾಗ ಸಾಕುಪ್ರಾಣಿ ಅಂಗಡಿಯವನು ನಕ್ಕೂ ನಕ್ಕೂ ಕೆಮ್ಮಿದ. ಅಲುಗಾಡುವುದು ಮಾತ್ರ ಕಪ್ಪೆಗೆ ಊಟವಂತೆ. ಅಲುಗಾಡದ್ದು ಕಲ್ಲೋ ಕಡ್ಡಿಯೋ, ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಚಿಮಟವನ್ನು ಸ್ವಲ್ಪ ಕುಲುಕಬೇಕು ಎಂದು ಹೇಳುವ ಅಗತ್ಯ ಇಷ್ಟು ವರ್ಷದಲ್ಲಿ ಯಾವ ಗಿರಾಕಿಯ ವಿಷಯದಲ್ಲೂ ಬಿದ್ದಿರಲಿಲ್ಲವಂತೆ. ಎಲ್ಲ ಮನುಷ್ಯರ ಕೈಯೂ ತಾನಾಗಿ ಅಷ್ಟಿಷ್ಟು ಅಲುಗುತ್ತದೆ ತಾನೇ ಎಂದ. ನಾನು ಫೋನಿಟ್ಟೆ. ಆರು ದಿನ ಅದರ ಮುಂದೆ ಮೂವತ್ತು ವರ್ಷದ ಸಾಧನೆಯನ್ನು ಹರವಿ ಕೂತಿದ್ದೆ. ಅಷ್ಟು ದಿನವೂ ಪಾಸಿನವರ ಪಾಲಿಗೆ ಆ ಕೋಣೆಯಲ್ಲಿ ಯಾರೂ ಇರಲಿಲ್ಲ ಎಂದು ಹೆಂಡತಿಯ ಮುಂದೆ ಹೇಳಿಕೊಂಡೆ.

"ಬೇಜಾರು ಮಾಡ್ಕೋಬೇಡಿ. ನನಗೂ ಎಷ್ಟೋ ಸಲ ಹಾಗೇ ಅನ್ಸಿದೆ" ಎಂದಳು ಹೆಂಡತಿ. ಸಮಾಧಾನ ಹೇಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡೆ. ದಿನ ಬಿಟ್ಟು ದಿನ ಹೆಂಡತಿ ಬಂದು, ಕಣ್ಣು ಮುಚ್ಚಿ, ಮಿಡತೆ ಕುಣಿಸುತ್ತಿದ್ದಳು. ಪಾಸಿನವರು ದಪ್ಪಗಾದರು. ಆದರೆ ಹತ್ತು ದಿನದ ಮೇಲೆ ಅವಳು ಡಿಪೋದಿಂದ ಒಂದು ಸುದ್ದಿ ತಂದಳು. ಒಂದನೇ ತಾರೀಖಿನಿಂದ ಅವಳನ್ನು ಲಾಂಗ್ ರೂಟಿಗೆ ಹಾಕಿದ್ದರು. ಹೊರಟರೆ ಮೂರು ದಿನ ಊರಿಗಿಲ್ಲ. ಅಷ್ಟರಲ್ಲಿ ನಾನು ಊಟ ಹಾಕಲು ಕಲಿಯಬೇಕು, ಇಲ್ಲವಾದರೆ ಪಾಸಿನವರು ವಾಪಸ್. ಮಗಳನ್ನು ಕೇಳಿ ನೋಡಿದೆ. ಅವಳು ಕಪ್ಪೆಯನ್ನು ಮುದ್ದಿಸಬಲ್ಲಳು, ಸತ್ತ ಮಿಡತೆಯನ್ನು ಮಾತ್ರ ಮುಟ್ಟಲಾರಳು. ಪಾಪ, ಅದಕ್ಕೂ ಒಬ್ಬ ಅಪ್ಪ ಇದ್ದನಲ್ಲ ಎನ್ನುತ್ತಾಳೆ.

ಕೈ ನಡುಗಿಸುವುದು ಎಷ್ಟರ ಮಾತು ಅಂತ ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡೆ. ನಡುಗಿಸಿದೆ. ನನ್ನ ಕೈ ಲೋಲಕದಂತೆ ಸೆಕೆಂಡಿಗೆ ಸರಿಯಾಗಿ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋಯಿತು. ಪಾಸಿನವರು ಹತ್ತು ಸೆಕೆಂಡು ನೋಡಿ, ಇದೂ ಗೋಡೆ ಗಡಿಯಾರವೇ ಎಂದು ತೀರ್ಮಾನಿಸಿ ಕಣ್ಣು ಮುಚ್ಚಿದರು. ಸರಿ, ಕೈ ಕೈಕೊಟ್ಟರೆ ಯಂತ್ರವಿದೆ ಎಂದು ಹಳೆಯ ಅಲಾರಂ ಗಡಿಯಾರ ಬಿಚ್ಚಿ, ಅದರ ಗಂಟೆ ಹೊಡೆಯುವ ಸುತ್ತಿಗೆಗೆ ಮಿಡತೆ ಕಟ್ಟಿ, ಪೆಟ್ಟಿಗೆಯೊಳಗೆ ಇಟ್ಟು ಕೀಲಿ ಕೊಟ್ಟೆ. ಮಿಡತೆ ಅದ್ಭುತವಾಗಿ ನಡುಗಿತು. ಪಾಸಿನವರ ನಾಲಿಗೆ ಹೊರಟಿತು. ಅದೇ ಹೊತ್ತಿಗೆ ಗಂಟೆಯೂ ಹೊಡೆದುಕೊಂಡಿತು (ಗಂಟೆ ಕಳಚಿಡಲು ಮರೆತಿದ್ದೆ, ಇಂಥ ತಪ್ಪು ಜನ್ಮದಲ್ಲಿ ಮಾಡಿದವನಲ್ಲ). ಪಾಸಿನವರು ಗುಹೆಯೊಳಗೆ ಹೊಕ್ಕವರು ಎರಡು ದಿನ ಮುಖ ತೋರಿಸಲಿಲ್ಲ. ನಾನೂ ತೋರಿಸಲಿಲ್ಲ, ಹೆಂಡತಿಗೆ.

ಕೊನೆಗೆ ಅವಳೇ ದಾರಿ ಹೇಳಿದಳು. ತನ್ನ ಕೈಗೆ ಕುಲುಕಾಟ ಬಂದದ್ದು ಬಸ್ಸಿನಿಂದ, ನೀವೂ ಒಂದು ದಿನ ನಿಂತು ಬನ್ನಿ, ಬಂದರೂ ಬಂದೀತು ಎಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅವಳ ಬಸ್ಸು ಹತ್ತಿರಲಿಲ್ಲ. ಕೂತಲ್ಲಿ ಕೂತವನಿಗೆ ಬಸ್ಸು ಯಾಕೆ. ಮರುದಿನ ಚಿಮಟ ಜೇಬಿಗಿಟ್ಟುಕೊಂಡು ಹತ್ತಿದೆ. ಅವಳು ನನ್ನ ಮುಂದೆ ಬಂದು ನಿಂತಳು.

"ಎಲ್ಲಿಗೆ?"

"ನಾನು ಕಣೇ."

"ಎಲ್ಲಿಗೆ ಅಂತ ಕೇಳ್ದೆ."

ಕೊನೇ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡೆ. ನಡುಭಾಗದಲ್ಲಿ ನಿಂತು, ಚಿಮಟ ಹೊರತೆಗೆದು ಮುಂದಕ್ಕೆ ಚಾಚಿ ಹಿಡಿದೆ. ಅಕ್ಕಪಕ್ಕದವರು ತಮ್ಮ ಜೇಬು ಮುಟ್ಟಿ ನೋಡಿಕೊಂಡು ಒಂದೊಂದು ಹೆಜ್ಜೆ ಸರಿದರು. ಗುಂಡಿ ಬಿದ್ದ ರಸ್ತೆಯಲ್ಲಿ ನನ್ನ ತಲೆ ಕುಲುಕಿತು, ಹೊಟ್ಟೆ ಕುಲುಕಿತು, ಹಲ್ಲುಗಳು ತಾಳ ಹಾಕಿದವು. ಕೈ ಮಾತ್ರ ಮೊದಲಿನ ಹಾಗೇ ನಿಂತಿತ್ತು. ನೋಡಲಾರದೆ ಒಬ್ಬ ಅಜ್ಜಿ, ಬಾ ಮಗ ಕೂತ್ಕೋ, ಹುಷಾರಿಲ್ವೇನೋ ಎಂದು ಎದ್ದು ಜಾಗ ಕೊಟ್ಟರು.

ಕೂತ ಮೇಲೆ ನಾನು ಹೆಂಡತಿಯನ್ನು ನೋಡಿದೆ. ಇನ್ನೊಮ್ಮೆ ಹೇಳುತ್ತೇನೆ, ನೋಡಿದೆ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಅವಳು ನೀರಿನಂತೆ ಹರಿಯುತ್ತಿದ್ದಳು. ಒಂದು ಕೈ ಟಿಕೆಟ್ ಹರಿಯುತ್ತಿತ್ತು, ಇನ್ನೊಂದು ಚಿಲ್ಲರೆ ಕೊಡುತ್ತಿತ್ತು, ಹಲ್ಲಿನ ನಡುವೆ ಸೀಟಿ. ಮಲಗಿದ ಕೂಸಿನ ತಲೆಯನ್ನು ಕಿಟಕಿಯ ಸರಳಿನಿಂದ ದೂರ ಸರಿಸಿದಳು. ಮುದುಕರೊಬ್ಬರ ಸ್ಟಾಪು ಅವರಿಗಿಂತ ಮುಂಚೆ ಅವಳಿಗೆ ನೆನಪಾಯಿತು. ಸೇತುವೆಯ ಹತ್ತಿರದ ತಿರುವಿನಲ್ಲಿ ಬಸ್ಸು ಒಂದು ಕಡೆಗೆ ಪೂರ್ತಿ ವಾಲಿತು, ಎಲ್ಲರೂ ಸಿಕ್ಕಿದ್ದನ್ನು ಹಿಡಿದುಕೊಂಡರು. ಅವಳು ಬಾಗಿಲ ಮೆಟ್ಟಿಲ ಮೇಲೆ, ಏನನ್ನೂ ಹಿಡಿಯದೆ, ಬೆರಳಿನಲ್ಲಿ ನೋಟು ಎಣಿಸುತ್ತ ನಿಂತಿದ್ದಳು. ಕೆಳಗೆ ಹೊಳೆ ಕಾಣುತ್ತಿತ್ತು. ಹದಿನೈದು ವರ್ಷದಿಂದ ದಿನಕ್ಕೆ ಎಂಟು ಸಲ ಅವಳು ಆ ತಿರುವು ದಾಟುತ್ತಿದ್ದಾಳೆ, ನಾನು ಅಷ್ಟು ಹೊತ್ತಿಗೆ ತಿರುಪು ತಿರುಗಿಸುತ್ತಿರುತ್ತೇನೆ. ಕಪ್ಪೆಯ ನಾಲಿಗೆ ಕಂಡ ದಿನವೂ ನಾನು ಅಷ್ಟು ಬೆರಗಾಗಿರಲಿಲ್ಲ. ಇಳಿದ ಮೇಲೆ ಅವಳಿಗೆ ಹಾಗೆಂದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಇದಾಗಿ ನಾಲ್ಕನೇ ದಿನ ಸಂಜೆ ಮಳೆ ಬಂತು. ಪಾಸಿನವರ ಊಟದ ದಿನ. ಆರೂವರೆಗೆ ಬರಬೇಕಾದ ಹೆಂಡತಿ ಏಳಾದರೂ ಬರಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ಏಳೂಕಾಲಿಗೆ ಡಿಪೋಗೆ ಮಾಡಿದೆ. ಸೇತುವೆ ಹತ್ತಿರ ಯಾವುದೋ ಬಸ್ಸು ನಿಂತುಬಿಟ್ಟಿದೆಯಂತೆ, ಯಾವುದೆಂದು ಗೊತ್ತಿಲ್ಲ, ಆ ಕಡೆಯಿಂದ ಬಂದ ಡ್ರೈವರ್ ಯಾರೋ ಹೇಳಿದರು ಎಂದರು. ಆಮೇಲೆ ಲೈನು ಹೋಯಿತು. ಮೊದಲಾಗಿದ್ದರೆ ಸೇತುವೆ ಎಂಬುದು ನನಗೆ ಬರೀ ಒಂದು ಮಾತು. ಈಗ ಆ ತಿರುವು, ಆ ಮೆಟ್ಟಿಲು, ಏನನ್ನೂ ಹಿಡಿಯದ ಆ ಕೈ, ಎಲ್ಲವೂ ಕಣ್ಣ ಮುಂದೆ. ಮಗಳು ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಸುಮ್ಮನೆ ಕೂತಿದ್ದಳು. ಅವಳು ಸುಮ್ಮನೆ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು. ಮನೆಯಲ್ಲಿ ಇಷ್ಟು ದಿನ ಬಯಸಿದ್ದ ನಿಶ್ಶಬ್ದ ಬಂದೇ ಬಂದಿತ್ತು. ನನಗೆ ಅದು ಬೇಡವಾಗಿತ್ತು.

"ಅಪ್ಪ, ಪಾಸಿನವರಿಗೆ ಊಟ?" ಎಂದಳು.

ಮಗುವಿನ ಮುಂದೆ ಏನೂ ಆಗಿಲ್ಲವೆಂಬಂತೆ ಇರಬೇಕಲ್ಲ. ಮಿಡತೆಯನ್ನು ಚಿಮಟದಲ್ಲಿ ಹಿಡಿದು ಪೆಟ್ಟಿಗೆಗೆ ಇಳಿಸಿದೆ. ಕಣ್ಣು ಬೀದಿಯ ಮೇಲಿತ್ತು. ಚಿಮಟಕ್ಕೆ ಏನೋ ತಟ್ಟಿದಂತಾಯಿತು. ತಿರುಗಿ ನೋಡಿದರೆ ಮಿಡತೆ ಇಲ್ಲ. ಪಾಸಿನವರ ಕಣ್ಣುಗಳು ಮುಳುಗುತ್ತಿವೆ, ಏಳುತ್ತಿವೆ.

ಮಗಳು ಎದ್ದು ಬಂದು, ಹೇಗೆ ಮಾಡಿದಿರಿ ಅಪ್ಪ ಎಂದು ಕೇಳಿದಳು. ನಾನು ಏನೂ ಮಾಡಿರಲಿಲ್ಲ. ಕೈಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಅದು ಬೇರೆ ಯಾರದೋ ಕೈಯಂತೆ ನಡುಗುತ್ತಿತ್ತು. ಲೋಲಕದಂತೆ ಅಲ್ಲ, ಲೆಕ್ಕವಿಲ್ಲದೆ, ಹೇಗೆ ಬೇಕೋ ಹಾಗೆ. ಇನ್ನೊಂದು ಕೈಯಿಂದ ಒತ್ತಿ ಹಿಡಿದೆ. ಈಗ ಎರಡೂ ನಡುಗಿದವು. ಎರಡನೇ ಮಿಡತೆ ಹೋಯಿತು. ಮೂರನೆಯದೂ ಹೋಯಿತು.

ಎಂಟು ಗಂಟೆಗೆ ಅವಳು ಬಂದಳು. ಮೈಯೆಲ್ಲ ಒದ್ದೆ, ಚಪ್ಪಲಿ ಕೈಯಲ್ಲಿ. ಇಂಜಿನ್ನಿಗೆ ನೀರು ನುಗ್ಗಿ ಬಸ್ಸು ಕೆಟ್ಟಿತ್ತಂತೆ. ಪ್ಯಾಸೆಂಜರುಗಳನ್ನೆಲ್ಲ ಬೇರೆ ಬಸ್ಸಿಗೆ ಹತ್ತಿಸಿ ತಾನು ಕೊನೆಯಲ್ಲಿ ನಡೆದು ಬಂದದ್ದಂತೆ. ಫೋನು ನೆನೆದುಹೋಗಿತ್ತು. ಇಷ್ಟನ್ನೂ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದವಳು ಪೆಟ್ಟಿಗೆಯ ಕಡೆ ನೋಡಿದಳು. ಪಾಸಿನವರ ಬಾಯಿಯ ಮೂಲೆಯಲ್ಲಿ ಮಿಡತೆಯ ಒಂದು ಕಾಲು ಇನ್ನೂ ಹೊರಗಿತ್ತು. ಊಟ ಹಾಕಿದವರು ಯಾರು ಎಂದು ಕೇಳಿದಳು. ಮಗಳು ನನ್ನ ಕಡೆ ಬೆರಳು ತೋರಿಸಿದಳು.

ಅವಳು ಹತ್ತಿರ ಬಂದು ನನ್ನ ಕೈಯನ್ನು ತನ್ನ ಒದ್ದೆ ಕೈಯಲ್ಲಿ ತೆಗೆದುಕೊಂಡಳು. ತುಂಬ ಹೊತ್ತು ಹಾಗೇ ಹಿಡಿದಿದ್ದಳು. ನಾನು ಗಡಿಯಾರ ನೋಡಲಿಲ್ಲ.

"ಇನ್ನೂ ನಿಂತಿಲ್ವಲ್ರೀ" ಎಂದಳು.

ಈಗ ಇವಳು ಅಳುತ್ತಾಳೆ, ನಾನೂ ಅಳಬಹುದು ಎಂದು ಸಿದ್ಧನಾದೆ. ಅವಳು ಮೂಗೊರೆಸಿಕೊಂಡಳು.

"ಸರಿ ಬಿಡಿ, ಒಂದು ಚಿಂತೆ ಹೋಯ್ತು. ಒಂದನೇ ತಾರೀಖಿಂದ ಮೂರು ಮೂರು ದಿನ ನಾನಿರಲ್ಲ. ಪಾಸಿನವರಿಗೆ ಹೊಟ್ಟೆ ತುಂಬ ಊಟ."

ಪಾಸಿನವರು ನಮ್ಮಲ್ಲೇ ಉಳಿದರು. ಉಳಿಯದೆ ಹೋದದ್ದು ನನ್ನ ಕಲ್ಲು ಕೈಯ ಕೀರ್ತಿ. ಮರುದಿನ ಮೊದಲ ಟ್ರಿಪ್ಪಿನಲ್ಲೇ ಅವಳು ಈ ಕತೆಯನ್ನು ಇಡೀ ಬಸ್ಸಿಗೆ ಹೇಳಿದ್ದಾಳೆ. ಟಿಕೆಟ್ ಹರಿಯುತ್ತಾ, ಅಭಿನಯದೊಂದಿಗೆ. ಹತ್ತೂವರೆಗೆಲ್ಲ ಬ್ಯಾಂಕಿನ ಕ್ಯಾಷಿಯರ್ ಓಡುತ್ತ ಬಂದರು. ಅವರ ತಂದೆಯ ಕಾಲದ ಕೈಗಡಿಯಾರ ನನ್ನ ಮೇಜಿನ ಮೇಲೆ ಬಿಚ್ಚಿದ ಸ್ಥಿತಿಯಲ್ಲಿ ಮಲಗಿತ್ತು. ಹೆಂಡತಿ ಮನೆಗೆ ಬರೋದು ತಡವಾದರೆ ನಿಮ್ಮ ಕೈ ನಡುಗುತ್ತದಂತೆ, ನಿಜವೇ ಎಂದು ನೇರವಾಗಿ ಕೇಳಿದರು. ನಾನು ಕೈ ಚಾಚಿ ತೋರಿಸಿದೆ. ಅದು ಬಂಡೆಯಂತೆ ನಿಂತಿತ್ತು. ಅವರು ಕನ್ನಡಕ ಏರಿಸಿ ಪರೀಕ್ಷಿಸಿದರು. ಪೂರ್ತಿ ಸಮಾಧಾನವಾಗಲಿಲ್ಲ.

"ಮನೆಯವರು ಲಾಂಗ್ ರೂಟಿಗೆ ಹೋಗೋದು ಯಾವತ್ತಿಂದ?" ಎಂದರು.

"ಒಂದನೇ ತಾರೀಖಿಂದ."

"ಹಾಗಾದ್ರೆ ನನ್ನ ವಾಚು ಮೂವತ್ತರೊಳಗೆ ಮುಗಿಸಿಬಿಡಿ."

ಆಗಲಿ ಎಂದು ರಸೀದಿಯ ಮೇಲೆ ತಾರೀಖು ಬರೆದುಕೊಟ್ಟೆ. ಅಕ್ಷರ ಸ್ವಲ್ಪ ಸೊಟ್ಟಗೆ ಬಂತು.